ದುಡ್ಡು ಕೊಟ್ಟು ಸಲಗ ಹೊಡೆಯುವುದು: ನಮೀಬಿಯಾದಲ್ಲಿ ಇದು ಮುಂದುವರಿಯಬೇಕೇ?

ಆಫ್ರಿಕಾಕ್ಕೆ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರು ಬಹಳ ಮೊದಲೇ ತಯಾರಿ ಶುರು ಮಾಡುತ್ತಾರೆ. ಯಾವ ದೇಶ, ಯಾವ ಪ್ರಾಣಿ ಎಂದು ಮೊದಲು ತೀರ್ಮಾನಿಸುತ್ತಾರೆ. ಆಮೇಲೆ ಲೈಸೆನ್ಸ್ ಇರುವ ಗೈಡ್ ಬೇಕು. ಅಲ್ಲಿ ಅವರನ್ನು ಪ್ರೊಫೆಷನಲ್ ಹಂಟರ್ ಎನ್ನುತ್ತಾರೆ, ಚುಟುಕಾಗಿ ಪಿಎಚ್. ಬಂದೂಕು ಒಯ್ಯಲು ಒಂದು ಪರವಾನಗಿ, ಟ್ರೋಫಿಯನ್ನು, ಅಂದರೆ ಹೊಡೆದ ಪ್ರಾಣಿಯ ದಂತ ಮತ್ತು ಚರ್ಮವನ್ನು, ಮನೆಗೆ ತರಲು ಸೈಟಿಸ್ (ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ) ಒಪ್ಪಂದದಡಿ ಇನ್ನೊಂದು. ಆನೆಗೆ ಸಣ್ಣ ಬಂದೂಕು ನಡೆಯುವುದಿಲ್ಲ. ನಮೀಬಿಯಾದ ನಿಯಮದ ಪ್ರಕಾರ ಗುಂಡಿನ ಶಕ್ತಿ ಕನಿಷ್ಠ 5,400 ಜೂಲ್ ಇರಬೇಕು. ಕ್ಯಾಂಪ್, ಊಟ, ಗೈಡ್, ಜಾಡು ಹಿಡಿಯುವವರು, ಇವಕ್ಕೆಲ್ಲ ದಿನದ ಲೆಕ್ಕ. ಪ್ರಾಣಿ ಬಿದ್ದರೆ ಟ್ರೋಫಿ ಶುಲ್ಕ ಬೇರೆ. ಗಾಯಗೊಂಡು ತಪ್ಪಿಸಿಕೊಂಡರೂ ಸಾಮಾನ್ಯವಾಗಿ ಆ ಶುಲ್ಕ ತೆರಲೇಬೇಕು. ಆನೆಯಾದರೆ ಇದೆಲ್ಲ ಸೇರಿ ಹತ್ತಾರು ಸಾವಿರ ಡಾಲರ್ ಆಗುತ್ತದೆ.

ಈ ವ್ಯವಹಾರ ಇರಬೇಕೇ, ನಿಲ್ಲಬೇಕೇ? ನಾನು ನಮೀಬಿಯಾವನ್ನೇ ಆರಿಸಿಕೊಂಡಿದ್ದೇನೆ. ಬೇಟೆಯನ್ನು ಸಮರ್ಥಿಸುವವರ ಕೈಯಲ್ಲಿರುವ ಅತಿ ಗಟ್ಟಿ ಉದಾಹರಣೆ ಅದು. ದಕ್ಷಿಣ ಆಫ್ರಿಕಾದಲ್ಲಿ ಬೇಲಿಯೊಳಗೆ ಸಾಕಿದ ಸಿಂಹವನ್ನು ಹೊಡೆಯುವುದನ್ನು ಎಷ್ಟೋ ಬೇಟೆಗಾರರೇ ಒಪ್ಪುವುದಿಲ್ಲ. ಅದನ್ನು ಹಿಡಿದು ವಾದ ಮಾಡಿದರೆ ಯಾವ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ.

ಪರ: ಪ್ರಾಣಿ ಯಾರದೋ, ತೀರ್ಮಾನವೂ ಅವರದೇ

ಮೊದಲು ಒಂದು ಹಳೆಯ ಅನ್ಯಾಯವನ್ನು ನೆನಪಿಸಿಕೊಳ್ಳಬೇಕು. ನಮೀಬಿಯಾ ದಕ್ಷಿಣ ಆಫ್ರಿಕಾದ ಹಿಡಿತದಲ್ಲಿದ್ದ ಕಾಲದಲ್ಲಿ, 1960ರ ದಶಕದಿಂದಲೇ, ಬಿಳಿಯ ಜಮೀನುದಾರರಿಗೆ ತಮ್ಮ ಜಮೀನಿನ ಪ್ರಾಣಿಗಳ ಮೇಲೆ ಹಕ್ಕು ಇತ್ತು. ಬೇಟೆ ಆಡಿಸಬಹುದಿತ್ತು, ಮಾಂಸ ಮಾರಬಹುದಿತ್ತು. ಕಪ್ಪು ಜನರ ಸಾಮುದಾಯಿಕ ಭೂಮಿಯಲ್ಲಿ ಪ್ರಾಣಿಗಳೆಲ್ಲ ಸರ್ಕಾರದ್ದು. ಅದೇ ಜಿಂಕೆಯನ್ನು ಹಸಿದ ರೈತ ಹೊಡೆದರೆ ಅವನು ಕಳ್ಳಬೇಟೆಗಾರ. 1980ರ ಹೊತ್ತಿಗೆ ಬರಗಾಲ, ಯುದ್ಧ, ಕಳ್ಳಬೇಟೆ ಎಲ್ಲ ಸೇರಿ ವಾಯವ್ಯ ಭಾಗದ ಆನೆ ಮತ್ತು ಘೇಂಡಾಮೃಗಗಳು ಮುಗಿದೇ ಹೋಗುವ ಸ್ಥಿತಿಗೆ ಬಂದವು. ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿದ್ದ ಗಾರ್ತ್ ಓವೆನ್-ಸ್ಮಿತ್ ಮತ್ತು ಮಾರ್ಗರೆಟ್ ಜೇಕಬ್‌ಸನ್ ಊರ ಹಿರಿಯರ ಜೊತೆ ಕೂತು, ಊರವರನ್ನೇ ಕಾವಲುಗಾರರನ್ನಾಗಿ ನೇಮಿಸುವ ಕೆಲಸಕ್ಕೆ ಕೈಹಾಕಿದ್ದು ಆ ದಿನಗಳಲ್ಲೇ.

1990ರಲ್ಲಿ ಸ್ವಾತಂತ್ರ್ಯ ಬಂತು. 1996ರಲ್ಲಿ ಕಾನೂನು ಬದಲಾಯಿತು. ಸಾಮುದಾಯಿಕ ಭೂಮಿಯ ಜನರು ಗಡಿ ಗುರುತಿಸಿ, ಸದಸ್ಯರ ಪಟ್ಟಿ ಮಾಡಿ, ಸಮಿತಿ ಆರಿಸಿ ‘ಕನ್ಸರ್ವೆನ್ಸಿ’ ಕಟ್ಟಿಕೊಂಡರೆ, ಅಲ್ಲಿನ ವನ್ಯಜೀವಿಗಳಿಂದ ಬರುವ ಲಾಭದ ಹಕ್ಕು ಅವರಿಗೇ. 1998ರಲ್ಲಿ ಮೊದಲ ನಾಲ್ಕು ಕನ್ಸರ್ವೆನ್ಸಿಗಳು ನೋಂದಣಿಯಾದವು. ಇವತ್ತು 86 ಇವೆ, ದೇಶದ ಸುಮಾರು ಐದನೇ ಒಂದು ಭಾಗದಲ್ಲಿ ಹರಡಿವೆ. 1990ರ ದಶಕದ ನಡುವೆ ದೇಶದಲ್ಲಿ ಸುಮಾರು 7,500 ಆನೆಗಳಿದ್ದವು. ಈಗ ಸುಮಾರು 24,000. ಬೇಟೆ ನಡೆಯುತ್ತಿದ್ದಾಗಲೇ ಈ ಏರಿಕೆ ಆಗಿದೆ ಅನ್ನೋದನ್ನು ವಿರೋಧಿಸುವವರು ಸುಮ್ನೆ ದಾಟಿಕೊಂಡು ಹೋಗಬಾರದು.

‘ಬೇಟೆ ಯಾಕೆ, ಪ್ರವಾಸಿಗರನ್ನು ಕರೆಸಿ’ ಎನ್ನುವವರು ನ್ಯಾಯೇ ನ್ಯಾಯೇ ಕನ್ಸರ್ವೆನ್ಸಿಯನ್ನು ನೋಡಬೇಕು. ಈಶಾನ್ಯ ಮೂಲೆಯ ತ್ಸುಮ್‌ಕ್ವೆ ಊರಿನ ಸುತ್ತ, ಜುಹೋಆನ್ಸಿ ಸಾನ್ ಜನರ ನೆಲ. ರಾಜಧಾನಿಯಿಂದ ದೂರ, ರಸ್ತೆ ಮರಳು, ನೆಲ ಸಪಾಟು, ಕುರುಚಲು ಕಾಡು. ಎಟೋಷಾ ಉದ್ಯಾನದಲ್ಲಿ ಒಂದೇ ನೀರಿನ ಹೊಂಡಕ್ಕೆ ಹತ್ತು ಬಗೆಯ ಪ್ರಾಣಿ ಬರುವುದನ್ನು ಕಾರಿನಲ್ಲೇ ಕೂತು ನೋಡಬಹುದಾದಾಗ, ಇಲ್ಲಿಗೆ ಯಾರು ಬರುತ್ತಾರೆ? ಬೇಟೆಗಾರ ಬರುತ್ತಾನೆ. ಅವನಿಗೆ ಈಜುಕೊಳ ಬೇಡ, ಟಾರು ರಸ್ತೆ ಬೇಡ, ದಿನವಿಡೀ ನಡೆಯಲು ಕಾಡು ಇದ್ದರೆ ಸಾಕು. ನ್ಯಾಯೇ ನ್ಯಾಯೇಯ ಸದಸ್ಯರಿಗೆ ಕೈಗೆ ಸಿಗುವ ನಗದು, ಮನೆಗೆ ಬರುವ ಮಾಂಸ, ಊರ ಕಾವಲುಗಾರರ ಸಂಬಳ, ಇವುಗಳ ಹಿಂದೆ ಬಹುಪಾಲು ಇರುವುದು ಬೇಟೆಯ ಹಣವೇ. ಲಾಡ್ಜ್ ಕಟ್ಟಲು ಬಂಡವಾಳಗಾರ ಸಿಗಬೇಕು, ಹೆಸರು ಮಾಡಬೇಕು, ವರ್ಷಗಳು ಹಿಡಿಯುತ್ತವೆ. ಹೊಸದಾಗಿ ಶುರುವಾದ ಕನ್ಸರ್ವೆನ್ಸಿಗೆ ಬೇಟೆಯ ಆದಾಯ ಬೇಗ ಬರುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮೀಬಿಯಾದ ಕನ್ಸರ್ವೆನ್ಸಿಗಳ ಲೆಕ್ಕಪತ್ರ ಹಿಡಿದು ನೋಡಿತು. ಬೇಟೆ ನಿಷೇಧಿಸಿದರೆ ತಮ್ಮ ಖರ್ಚು ತಾವೇ ನಿಭಾಯಿಸಲಾಗದ ಕನ್ಸರ್ವೆನ್ಸಿಗಳ ಸಂಖ್ಯೆ ಬಹಳ ಹೆಚ್ಚುತ್ತದೆ. ಪ್ರವಾಸೋದ್ಯಮ ನಿಂತರೆ ಪೆಟ್ಟು ಅಷ್ಟು ದೊಡ್ಡದಲ್ಲ ಎಂಬುದು ಅದರ ತೀರ್ಮಾನ.

ಆನೆಯ ಜೊತೆ ಬದುಕುವುದು ಅಂದರೆ ಏನು ಅಂತ ಸಕಲೇಶಪುರ, ಆಲೂರು, ಕೊಡಗಿನ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮೀಬಿಯಾದ ಜಾಂಬೆಜಿ ಪ್ರಾಂತದ ರೈತರಿಗೂ ಅದೇ ಪಾಡು. ಅಲ್ಲಿ ಬೆಳೆಯುವುದು ಸಜ್ಜೆ ಮತ್ತು ಮೆಕ್ಕೆಜೋಳ. ಫಸಲು ಬಲಿಯುವ ಹೊತ್ತಿಗೆ ಒಂದು ರಾತ್ರಿ ಹಿಂಡು ನುಗ್ಗಿದರೆ ವರ್ಷದ ಕಾಳು ಹೋಯಿತು. ಅಲ್ಲಿನ ಸರ್ಕಾರದ ನೆರವಿನ ಯೋಜನೆ ಅಂತ್ಯಕ್ರಿಯೆಯ ಖರ್ಚು, ಬೆಳೆ ನಷ್ಟದ ಒಂದು ಪಾಲು ಕೊಡುತ್ತದೆ, ಪೂರ್ತಿ ಪರಿಹಾರ ಕೊಡುವುದಿಲ್ಲ. ಇಂಥಲ್ಲಿ ಆನೆಯಿಂದ ನಾಲ್ಕು ಕಾಸು ಬಂದರೆ ಮಾತ್ರ ರೈತ ಅದನ್ನು ಸಹಿಸಿಕೊಂಡಾನು. ಬೇಟೆಗೆ ದೇಶದ ಕೋಟಾ ವರ್ಷಕ್ಕೆ 90 ಆನೆ, ಅಂದರೆ ಒಟ್ಟು ಆನೆಗಳಲ್ಲಿ ಶೇಕಡಾ ಅರ್ಧದಷ್ಟೂ ಅಲ್ಲ.

ನಿಷೇಧ ಹೇರಿ ನೋಡಿದವರೂ ಇದ್ದಾರೆ. ಪಕ್ಕದ ಬೋಟ್ಸ್‌ವಾನಾದಲ್ಲಿ 2014ರಲ್ಲಿ ಅಧ್ಯಕ್ಷ ಇಯಾನ್ ಖಾಮಾ ಬೇಟೆ ನಿಲ್ಲಿಸಿದರು. ಒಕಾವಾಂಗೋ ಜೌಗು ಪ್ರದೇಶದ ಅಂಚಿನ ಸಂಕೂಯೋದಂಥ ಊರುಗಳು ಆದಾಯ, ಕೆಲಸ, ಮಾಂಸ ಮೂರನ್ನೂ ಕಳೆದುಕೊಂಡವು. ಸಿಟ್ಟು ತಿರುಗಿದ್ದು ಆನೆಗಳ ಮೇಲೆ. 2019ರಲ್ಲಿ ಮೊಕ್ಗ್ವೀಟ್ಸಿ ಮಸಿಸಿ ಸರ್ಕಾರ ನಿಷೇಧ ತೆಗೆಯಿತು. ಕೆನ್ಯಾ 1977ರಲ್ಲೇ ಬೇಟೆ ನಿಷೇಧಿಸಿತು. ಅಲ್ಲಿಂದ 2016ರವರೆಗೆ ಆ ದೇಶದ ಬಯಲು ಪ್ರಾಣಿಗಳ ಸಂಖ್ಯೆ ಸರಾಸರಿ ನೂರಕ್ಕೆ 68ರಷ್ಟು ಕುಸಿಯಿತು. ನಿಷೇಧವೇ ಇದಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ. ಜನ, ದನ, ಬೇಲಿ ಎಲ್ಲ ಜಾಸ್ತಿಯಾದವು. ಆದರೆ ಬೇಟೆ ನಿಲ್ಲಿಸಿದರೆ ಪ್ರಾಣಿ ಉಳಿಯುತ್ತದೆ ಎಂಬ ನಂಬಿಕೆಗೆ ಕೆನ್ಯಾ ಸಾಕ್ಷಿ ಹೇಳುವುದಿಲ್ಲ.

ಬ್ರಸೆಲ್ಸ್‌ನಲ್ಲೋ ಲಂಡನ್ನಿನಲ್ಲೋ ಕೂತವರು ಟ್ರೋಫಿ ಆಮದು ನಿಲ್ಲಿಸಲು ಕಾನೂನು ತರುವಾಗ ತ್ಸುಮ್‌ಕ್ವೆಯ ಸಮಿತಿಯನ್ನು ಕೇಳಿದರೇ? 2024ರ ಬರಗಾಲದಲ್ಲಿ ನಮೀಬಿಯಾ 83 ಆನೆ ಸೇರಿ 723 ಪ್ರಾಣಿಗಳನ್ನು ಕೊಂದು ಜನರಿಗೆ ಮಾಂಸ ಹಂಚುವ ತೀರ್ಮಾನ ಮಾಡಿದಾಗಲೂ ಹೊರಗಿನವರ ಕೂಗು ಜೋರಾಗಿತ್ತು. ಹಕ್ಕು ಕೊಟ್ಟ ಮೇಲೆ ಅದನ್ನು ಹೀಗೇ ಬಳಸಬೇಕು ಎಂದು ಹೊರಗಿನವರು ಹೇಳುವುದಾದರೆ, 1996ರಲ್ಲಿ ಆ ಜನರಿಗೆ ಸಿಕ್ಕಿದ್ದಾದರೂ ಏನು?

ವಿರೋಧ: 24,000ದಲ್ಲಿ 90 ಎಂಬ ಲೆಕ್ಕ ಸರಿಯಿಲ್ಲ

ಮೇಲಿನ ವಾದದಲ್ಲಿ ಊರವರ ಹಕ್ಕಿನ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಕನ್ಸರ್ವೆನ್ಸಿಗಳು ಆಫ್ರಿಕಾದ ಒಂದು ದೊಡ್ಡ ಸಾಧನೆ, ಅವು ಉಳಿಯಬೇಕು. ಆದರೂ ನನ್ನ ಮನಸ್ಸು ಈ ಕಡೆಯೇ ವಾಲುತ್ತದೆ. ಕಾರಣ, ಬೇಟೆಗಾರ ಯಾವ ಆನೆಯನ್ನು ಆರಿಸುತ್ತಾನೆ ಎಂಬುದು.

ಅಷ್ಟು ದುಡ್ಡು ಸುರಿದವನು ಮರಿಯಾನೆಯನ್ನು ಕೇಳುವುದಿಲ್ಲ, ಹೆಣ್ಣಾನೆಯನ್ನು ಕೇಳುವುದಿಲ್ಲ. ಅವನಿಗೆ ಬೇಕಾದದ್ದು ಉದ್ದ ದಂತದ ಮುದಿ ಸಲಗ. ಆದ್ದರಿಂದ 90ನ್ನು 24,000ಕ್ಕೆ ಹೋಲಿಸುವುದೇ ತಪ್ಪು. ಆ 24,000ದಲ್ಲಿ ಹೆಣ್ಣಾನೆಗಳನ್ನು ತೆಗೆಯಿರಿ, ಮರಿಗಳನ್ನು ತೆಗೆಯಿರಿ, ಎಳೆಯ ಗಂಡಾನೆಗಳನ್ನು ತೆಗೆಯಿರಿ. ಉಳಿಯುವ ಸಣ್ಣ ಗುಂಪಿನಿಂದ ಪ್ರತಿವರ್ಷ ಇಷ್ಟು ಎಂದು ತೆಗೆಯುತ್ತಾ ಹೋದರೆ ಏನಾಗುತ್ತದೆ ಎಂಬುದು ನಿಜವಾದ ಲೆಕ್ಕ.

ಮುದಿ ಸಲಗ ಹೇಗೂ ಸಾಯುವುದೇ, ಅದರಿಂದ ಹಿಂಡಿಗೆ ಇನ್ನೇನೂ ಇಲ್ಲ ಎನ್ನುವ ಮಾತು ಬೇಟೆ ಕ್ಯಾಂಪುಗಳಲ್ಲಿ ಸಾಮಾನ್ಯ. ಆದರೆ ಕೆನ್ಯಾದ ಅಂಬೊಸೆಲಿಯಲ್ಲಿ 1972ರಿಂದ ಒಂದೊಂದು ಆನೆಯನ್ನೂ ಹೆಸರಿಟ್ಟು ಗಮನಿಸುತ್ತಾ ಬಂದವರು ಕಂಡುಕೊಂಡದ್ದೇ ಬೇರೆ. ಗಂಡಾನೆ ಕ್ರಮವಾಗಿ ಮದಕ್ಕೆ ಬರಲು ಶುರುವಾಗುವುದೇ ಮೂವತ್ತರ ಆಸುಪಾಸಿನಲ್ಲಿ. ಹೆಚ್ಚು ಮರಿಗಳಿಗೆ ತಂದೆಯಾಗುವುದು ನಲವತ್ತು ದಾಟಿದ ಮೇಲೆ. ಹೆಣ್ಣಾನೆಗಳೂ ದೊಡ್ಡ ವಯಸ್ಸಿನ, ಮದದಲ್ಲಿರುವ ಸಲಗವನ್ನೇ ಆರಿಸುತ್ತವೆ. ಅಂದರೆ ಟ್ರೋಫಿಗೆ ‘ತಯಾರಾದ’ ಆನೆ ತಂದೆಯಾಗುವ ತನ್ನ ಅತಿ ಮುಖ್ಯ ವರ್ಷಗಳಲ್ಲಿ ಇರುತ್ತದೆ.

ಹಿರಿಯ ಸಲಗಗಳು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ಉದ್ಯಾನ ತೋರಿಸಿತು. ಕ್ರೂಗರ್ ಉದ್ಯಾನದಲ್ಲಿ ದೊಡ್ಡ ಆನೆಗಳನ್ನು ಕೊಂದು ಸಂಖ್ಯೆ ಇಳಿಸುತ್ತಿದ್ದ ಕಾಲ ಅದು. ಅಲ್ಲಿ ಅನಾಥವಾದ ಮರಿಗಳನ್ನು ಪಿಲಾನೆಸ್‌ಬರ್ಗ್‌ಗೆ ತಂದು ಬಿಟ್ಟಿದ್ದರು. ಅವು ಬೆಳೆದು ಹದಿಹರೆಯಕ್ಕೆ ಬಂದವು. ಹಿರಿಯರಿಲ್ಲದ ಆ ಗಂಡಾನೆಗಳು ಬಹಳ ಎಳೆಯ ವಯಸ್ಸಿನಲ್ಲೇ ಮದಕ್ಕೆ ಬಂದವು, ಆ ಮದ ತುಂಬ ದಿನ ಇಳಿಯಲೂ ಇಲ್ಲ. 1992ರಿಂದ 1997ರ ನಡುವೆ ಅವು 40ಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಕ್ರೂಗರ್‌ನಿಂದ ಆರು ದೊಡ್ಡ ಸಲಗಗಳನ್ನು ತಂದು ಬಿಟ್ಟರು. ಎಳೆಯವುಗಳ ಮದ ಇಳಿಯಿತು, ಘೇಂಡಾಮೃಗಗಳ ಸಾವು ನಿಂತಿತು. ಯಾವ ಬೇಲಿಯೂ ಮಾಡದ ಕೆಲಸವನ್ನು ಆರು ಹಿರಿಯ ಆನೆಗಳು ಸುಮ್ಮನೆ ಅಲ್ಲಿ ಇದ್ದು ಮಾಡಿದವು. ರೈತನ ಸಜ್ಜೆ ಹೊಲ ಉಳಿಯಬೇಕು ಎನ್ನುವವರು ಈ ಘಟನೆಯನ್ನು ಎರಡು ಸಲ ಓದಬೇಕು. ಹಿರಿಯ ಸಲಗವನ್ನು ಹೊಡೆದು ಊರಿಗೆ ಹಣ ತಂದರೆ, ಉಳಿದ ಪುಂಡ ಆನೆಗಳು ಅದೇ ಊರಿನ ಪಾಲಿಗೆ ಬರಬಹುದು.

ನಮೀಬಿಯಾದ ವಾಯವ್ಯದಲ್ಲಿ ಈ ಭಯ ಇನ್ನೂ ಜಾಸ್ತಿ. ಉಗಾಬ್, ಹುಆಬ್, ಹೋಆನಿಬ್ ಎಂಬ ಒಣ ನದಿಗಳ ಪಾತ್ರದಲ್ಲಿ ಮರುಭೂಮಿಗೆ ಒಗ್ಗಿಕೊಂಡ ಆನೆಗಳಿವೆ. ಸಂಖ್ಯೆ ಬಹಳ ಕಡಿಮೆ. ಯಾವ ಬರಗಾಲದಲ್ಲಿ ಯಾವ ತಿರುವಿನಲ್ಲಿ ಅಗೆದರೆ ನೀರು ಸಿಗುತ್ತದೆ ಎಂಬುದು ವಯಸ್ಸಾದ ಆನೆಗಳ ತಲೆಯಲ್ಲಿದೆ. ಆ ಪ್ರದೇಶದಲ್ಲಿ ವೂರ್‌ಟ್ರೆಕ್ಕರ್ ಎಂದು ಜನ ಹೆಸರಿಟ್ಟು ಗುರುತಿಸುತ್ತಿದ್ದ ಒಂದು ಸಲಗ ಇತ್ತು. 2019ರಲ್ಲಿ ಅದನ್ನು ‘ತೊಂದರೆ ಕೊಡುವ ಪ್ರಾಣಿ’ ಎಂದು ಘೋಷಿಸಿ ಬೇಟೆಗಾರನಿಗೆ ಕೊಟ್ಟರು. ಅನೇಕರು ವಿರೋಧಿಸಿದರು, ಉಪಯೋಗವಾಗಲಿಲ್ಲ. ಊರಿನ ನೀರಿನ ಪೈಪು ಮುರಿದ ಆನೆ ಯಾವುದು ಎಂದು ಪತ್ತೆ ಹಚ್ಚುವುದು ಕಷ್ಟ. ದೊಡ್ಡ ದಂತದ ಆನೆಗೆ ಗಿರಾಕಿ ಸಿಗುವುದು ಸುಲಭ. ಈ ಎರಡು ಒಟ್ಟಿಗೆ ಇರುವ ಕಡೆ ತಪ್ಪು ಆನೆಗೆ ಗುಂಡು ಬೀಳುವ ಸಾಧ್ಯತೆ ಯಾವಾಗಲೂ ಇರುತ್ತದೆ, ಅಲ್ವಾ?

ಇನ್ನು ಹಣದ ಮಾತು. ಊರಿನ ಕಾವಲುಗಾರರ ಸಂಬಳ ಅಮೆರಿಕದ ಒಬ್ಬ ಶ್ರೀಮಂತನ ಹವ್ಯಾಸದ ಮೇಲೆ ನಿಂತಿದ್ದರೆ ಅದು ಗಟ್ಟಿ ನೆಲವಲ್ಲ. ಜಿಂಬಾಬ್ವೆಯಲ್ಲಿ ಇದು ಆಗಿಹೋಗಿದೆ. 2014ರಲ್ಲಿ ಅಮೆರಿಕ ಅಲ್ಲಿನ ಆನೆ ಟ್ರೋಫಿಗಳ ಆಮದು ನಿಲ್ಲಿಸಿತು. ವನ್ಯಜೀವಿಗಳಿಂದ ಬರುವ ಆದಾಯದಲ್ಲಿ ಊರವರಿಗೆ ಪಾಲು ಕೊಡುವ ಕ್ಯಾಂಪ್‌ಫೈರ್ ಯೋಜನೆಯಡಿ ಬೇಟೆಯ ಹಣ ನಂಬಿದ್ದ ಹಳ್ಳಿಗಳ ಆದಾಯಕ್ಕೆ ಪೆಟ್ಟು ಬಿತ್ತು. ಬೆಲ್ಜಿಯಂ 2024ರಲ್ಲಿ ಇಂಥ ಟ್ರೋಫಿಗಳನ್ನು ನಿಷೇಧಿಸಿತು. ಬ್ರಿಟನ್ನಿನ ಮಸೂದೆ 2023ರಲ್ಲಿ ಮೇಲ್ಮನೆಯಲ್ಲಿ ನಿಂತುಹೋಯಿತು, ಮತ್ತೆ ಬರಬಹುದು. ಇದು ನ್ಯಾಯವೇ ಎಂಬ ಪ್ರಶ್ನೆ ಆಮೇಲಿನದು. ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಬೇರೆ ದಾರಿ ಮಾಡಿಕೊಳ್ಳದೆ ಕೂತರೆ ನ್ಯಾಯೇ ನ್ಯಾಯೇಗೇ ನಷ್ಟ.

ಹಕ್ಕಿನ ಮಾತಿನಲ್ಲೂ ನನಗೆ ಒಂದು ನೋವಿದೆ. ಜುಹೋಆನ್ಸಿ ಜನ ತಮ್ಮ ನೆಲದಲ್ಲಿ ಬಿಲ್ಲು ಬಾಣ ಹಿಡಿದು ಕೆಲವು ಪ್ರಾಣಿಗಳನ್ನು ಬೇಟೆಯಾಡಬಹುದು, ಆನೆಯನ್ನಲ್ಲ. ಆನೆಯ ಜಾಡು ಹಿಡಿದು, ಹೆಜ್ಜೆ ನೋಡಿ ಅದರ ಗಾತ್ರ ಹೇಳಿ, ಗಾಳಿಯ ದಿಕ್ಕು ತಿಳಿದು ಹತ್ತಿರ ಕರೆದೊಯ್ಯುವ ಕೆಲಸ ಅವರದು. ಗುಂಡು ಹಾರಿಸುವವನು ವಿಮಾನದಲ್ಲಿ ಬಂದವನು, ಫೋಟೋದಲ್ಲಿ ನಿಲ್ಲುವವನೂ ಅವನೇ. ಹಳೆಯ ವಸಾಹತುಗಾರರ ಬೇಟೆ ಹೀಗೆಯೇ ನಡೆಯುತ್ತಿತ್ತು. ಈಗ ಶುಲ್ಕ ಊರಿಗೆ ಹೋಗುತ್ತದೆ. ಅದು ದೊಡ್ಡ ಬದಲಾವಣೆ, ಒಪ್ಪುತ್ತೇನೆ. ಅದರಿಂದಲೇ ಆ ಸಂಬಂಧ ಸಮಾನವಾಯಿತು ಎಂದು ಹೇಳಲು ನನ್ನಿಂದಾಗದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಮರುವರ್ಷ ಹುಲಿ ಯೋಜನೆ ಶುರುವಾದ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. 2022ರ ಅಂದಾಜಿನಲ್ಲಿ ದೇಶದಲ್ಲಿ 3,682 ಹುಲಿಗಳು, ಅವುಗಳಲ್ಲಿ 563 ಕರ್ನಾಟಕದಲ್ಲಿ. ಒಂದೂ ಟ್ರೋಫಿ ಮಾರದೆ ಇದು ಆಯಿತು. ಆದರೆ ಅದಕ್ಕೆ ತೆರಿಗೆಯ ಹಣ ಬೇಕಾಯಿತು, ಕಾಡಿನೊಳಗಿದ್ದ ಜನ ಮನೆ ಬಿಟ್ಟು ಹೊರಬರಬೇಕಾಯಿತು. ಕರ್ನಾಟಕದ ನಾಲ್ಕು ಪಟ್ಟು ನೆಲ, 30 ಲಕ್ಷ ಜನ ಇರುವ ನಮೀಬಿಯಾ ಹಾಗೇ ಮಾಡಲಿ ಎಂದು ನಾನು ಹೇಳಲಾರೆ.

ಅವರೇ ಕಂಡುಕೊಂಡ ದಾರಿಗಳು ಇವೆ. ಟೋರಾ ಕನ್ಸರ್ವೆನ್ಸಿಯ ಡಮಾರಾಲ್ಯಾಂಡ್ ಕ್ಯಾಂಪ್ ಎಂಬ ಪ್ರವಾಸಿ ಲಾಡ್ಜ್ 1990ರ ದಶಕದಿಂದ ಊರವರ ಪಾಲುದಾರಿಕೆಯಲ್ಲಿ ನಡೆಯುತ್ತಿದೆ. ಪ್ರವಾಸಿಗರು ಬಾರದ ಕಡೆಗಾಗಿ ವೈಲ್ಡ್‌ಲೈಫ್ ಕ್ರೆಡಿಟ್ಸ್ ಎಂಬ ಏರ್ಪಾಡು ಹುಟ್ಟಿದೆ. ಅಲ್ಲಿ ಹಣ ಬರುವುದು ಪ್ರಾಣಿ ಬದುಕಿರುವುದಕ್ಕೆ. ಜಾಂಬೆಜಿ ಪ್ರಾಂತದ ಸೊಬ್ಬೆ ಕನ್ಸರ್ವೆನ್ಸಿಯ ಜನ ಆನೆಗಳು ಓಡಾಡುವ ದಾರಿಯಲ್ಲಿ ಕಾಡು ಕಡಿಯದೆ, ಉಳುಮೆ ಮಾಡದೆ ಬಿಟ್ಟಿದ್ದಾರೆ; ಅದಕ್ಕಾಗಿ ಊರಿಗೆ ಹಣ ಸಲ್ಲುತ್ತದೆ. ಈ ಮೊತ್ತ ಇನ್ನೂ ಚಿಕ್ಕದು. ಟ್ರೋಫಿ ಆಮದು ನಿಷೇಧಿಸುವ ಯುರೋಪಿನ ದೇಶಗಳು ಮೊದಲು ಇಲ್ಲಿಗೆ ಹಣ ಹಾಕಬೇಕು, ನಿಷೇಧ ಆಮೇಲೆ ಬರಲಿ. ಅಲ್ಲಿಯವರೆಗೆ ನಮೀಬಿಯಾ ಸರ್ಕಾರ ಎರಡು ಕೆಲಸ ಇವತ್ತೇ ಮಾಡಬಹುದು: ವಾಯವ್ಯದ ಮರುಭೂಮಿ ಆನೆಗಳನ್ನು ಕೋಟಾದಿಂದ ಪೂರ್ತಿ ಹೊರಗಿಡುವುದು, ಮತ್ತು ಉಳಿದ ಕಡೆ ಕೋಟಾ ನಿಗದಿ ಮಾಡುವಾಗ ಒಟ್ಟು ಆನೆಗಳ ಬದಲು ನಲವತ್ತು ದಾಟಿದ ಸಲಗಗಳನ್ನು ಎಣಿಸುವುದು.