ಹದವಾಗಿ ಬೆಂದ ಬೈಗುಳ

ಟಿವಿಯಲ್ಲಿ ಅಡುಗೆ ಸ್ಪರ್ಧೆ ನೋಡುವವರಿಗೆ ಒಂದು ಸಣ್ಣ ತೊಂದರೆ ಇದೆ. ರುಚಿ ಸಿಗುವುದಿಲ್ಲ, ವಾಸನೆಯೂ ಬರುವುದಿಲ್ಲ. ಮೀನು ಬೆಂದಿದೆಯೋ ಹಸಿಯೋ, ಸೋಫಾದಲ್ಲಿ ಕಾಲು ಚಾಚಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಅಲ್ಲೊಬ್ಬ ಸಿಡುಕ ಶೆಫ್ ಇರುತ್ತಾರೆ. ಅವರ ಮುಖ ಕೆಂಪಾದರೆ ಮೀನು ಹಸಿ. ಕುತ್ತಿಗೆಯ ನರ ಉಬ್ಬಿದರೆ ಉಪ್ಪು ಜಾಸ್ತಿ. ತಟ್ಟೆ ಹಾರಿದರೆ ಇನ್ನು ಹೇಳುವುದೇ ಬೇಡ, ಜಾಹೀರಾತು ಬರುತ್ತದೆ.

ಈ ವಿದ್ಯೆಯಲ್ಲಿ ಗಾರ್ಡನ್ ರಾಮ್ಸೆ ಸಾಹೇಬರನ್ನು ಮೀರಿಸಿದವರಿಲ್ಲ. ಅಡುಗೆ ಬಾರದವರಲ್ಲ, ಪುಣ್ಯಾತ್ಮರು. ಲಂಡನ್ನಿನ ಅವರ ರೆಸ್ಟೋರೆಂಟಿಗೆ 2001ರಲ್ಲೇ ಮೂರು ಮಿಶೆಲಿನ್ ಸ್ಟಾರ್ ಬಂದಿದ್ದವು, ಅಂದರೆ ರೆಸ್ಟೋರೆಂಟುಗಳಿಗೆ ಅಂಕ ಕೊಡುವ ಮಿಶೆಲಿನ್ ಗೈಡಿನ ಅತಿ ದೊಡ್ಡ ಗೌರವ. ಆದರೆ ಅಲ್ಲಿ ಹೋಗಿ ಉಂಡವರು ಎಷ್ಟು ಜನ? ಅವರ ಬೈಗುಳವನ್ನಾದರೆ ಲೋಕವೇ ಕೂತು ಉಂಡಿದೆ. ಅಮೆರಿಕದಲ್ಲಿ ಅವರ ಅಡುಗೆ ಸ್ಪರ್ಧೆ 'ಹೆಲ್ಸ್ ಕಿಚನ್' ಶುರುವಾದದ್ದು 2005ರಲ್ಲಿ. 20 ಸೀಸನ್ ದಾಟಿದರೂ ಸ್ಕಾಲಪ್ ಎಂಬ ಸಮುದ್ರದ ಚಿಪ್ಪುಜೀವಿ ಹಸಿಯಾಗಿಯೇ ಬರುತ್ತಿದೆ, ರಿಸೊಟ್ಟೊ ಎಂಬ ಇಟಲಿಯ ಅನ್ನ ಮುದ್ದೆಯಾಗುತ್ತಲೇ ಇದೆ. ಬೈದರೆ ಜನ ಕಲಿಯುತ್ತಾರೆ ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು. ಅಥವಾ ಬೇಡ ಬಿಡಿ. ಎಲ್ಲವೂ ಸರಿಯಾಗಿ ಬೆಂದುಬಿಟ್ಟರೆ ಮುಂದಿನ ವಾರ ನಾವು ಏನು ನೋಡುವುದು?

ಗುರುಪರಂಪರೆಯೂ ಕಡಿಮೆಯದಲ್ಲ. ಸಾಹೇಬರು ಪಳಗಿದ್ದು ಇಂಗ್ಲೆಂಡಿನ ಶೆಫ್ ಮಾರ್ಕೊ ಪಿಯರ್ ವೈಟ್ ಕೈಕೆಳಗೆ. ಸಿಟ್ಟಿನಲ್ಲಿ ಅವರೂ ಹೆಸರುವಾಸಿ. ಇನ್ನೂ ಹಿಂದೆ ಹೋದರೆ, ಹಳೆಯ ಫ್ರೆಂಚ್ ಅಡುಗೆಮನೆಗಳಲ್ಲಿ ಆರ್ಡರ್ ಕೂಗಿ ಹೇಳುವವನಿಗೆ 'ಅಬ್ವಾಯೋರ್' ಎಂದೇ ಹೆಸರಿತ್ತು. ಅಂದರೆ ಬೊಗಳುವವನು! ಅಡುಗೆಮನೆಗೆ ಸೈನ್ಯದ ಶಿಸ್ತು ತಂದ ಫ್ರೆಂಚ್ ಶೆಫ್ ಎಸ್ಕಾಫಿಯೆಗೆ ಈ ಗದ್ದಲ ಹಿಡಿಸಲಿಲ್ಲ. ಬೊಗಳುವುದು ಬೇಡ, ಮೆಲ್ಲಗೆ ತಿಳಿಸಿದರೆ ಸಾಕು ಅಂದ. ಪಾಪ, ಅವನ ಕಾಲಕ್ಕೆ ಟಿವಿ ಇರಲಿಲ್ಲ.

ಸ್ಪರ್ಧಿಗಳದ್ದು ಒಂದೇ ಉತ್ತರ. ಕತ್ತೆ ಅಂದರೂ "ಯೆಸ್ ಶೆಫ್". ಆಚೆ ನಡಿ ಅಂದರೂ "ಯೆಸ್ ಶೆಫ್". ಶೆಫ್ ಮಾತಿನಲ್ಲಿ ಅರ್ಧ ಬರೀ ಬೀಪ್. ನನಗೆ ಅತಿ ಇಷ್ಟ ಆ ಬೀಪ್. ಅದರೊಳಗೆ ಅವರವರ ಶಕ್ತಿಗೆ ತಕ್ಕ ಬೈಗುಳ ತುಂಬಿಕೊಳ್ಳಬಹುದು. ಇಡೀ ಕಾರ್ಯಕ್ರಮದಲ್ಲಿ ನೋಡುವವರಿಗೆ ಕೈಯಾಡಿಸಲು ಬಿಟ್ಟಿರುವುದು ಅಷ್ಟೇ ಅಲ್ವಾ?

ನಾನೇನೂ ಸಾಚಾ ಅಲ್ಲ. ಮೊನ್ನೆ ಆಫೀಸಿನಲ್ಲಿ "ಇದನ್ನ ಇನ್ನೊಮ್ಮೆ ನೋಡ್ತೀರಾ?" ಅಂತ ಒಬ್ಬರು ಮೆತ್ತಗೆ ಕೇಳಿದ್ದಕ್ಕೆ ಮೂರು ದಿನ ಮುಖ ಊದಿಸಿಕೊಂಡಿದ್ದೆ. ನನ್ನ ಮರ್ಯಾದೆ ಏನಾಗಬೇಕು? ಅದೇ ರಾತ್ರಿ, ಲ್ಯಾಂಬ್ ಸಾಸ್ ಎಲ್ಲಿ ಅಂತ ಒಬ್ಬ ಮನುಷ್ಯ ಇನ್ನೊಬ್ಬರ ಮುಖಕ್ಕೆ ಅರಚುವುದನ್ನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದೆ. ನಿದ್ದೆ ಚೆನ್ನಾಗಿ ಬಂತು.

ಸಿಟ್ಟು ಹುಟ್ಟುಗುಣ, ಅವರೇನು ಮಾಡೋಕಾಗುತ್ತೆ ಅಂತ ಅಭಿಮಾನಿಗಳು ಹೇಳುತ್ತಾರೆ. ಹಾಗಾದರೆ ಮಕ್ಕಳ 'ಮಾಸ್ಟರ್‌ಶೆಫ್ ಜೂನಿಯರ್' ನೋಡಿ. 2013ರಿಂದ ಅಲ್ಲೂ ಇದೇ ಸಾಹೇಬರು ಇದ್ದಾರೆ. ಪುಟ್ಟ ಹುಡುಗಿಯ ಅಡುಗೆ ಕೆಟ್ಟರೆ ಬಗ್ಗಿ ನಿಂತು ಸಮಾಧಾನ ಮಾಡುತ್ತಾರೆ. ನರ ಉಬ್ಬುವುದಿಲ್ಲ, ಬೀಪ್ ಇಲ್ಲ. ಗ್ಯಾಸ್ ಒಲೆಯ ಹಾಗೆ ಸಿಟ್ಟಿಗೂ ಒಂದು ತಿರುಗಣಿ ಇದೆ. ದೊಡ್ಡವರು ಬಂದಾಗ ಪೂರ್ತಿ ತಿರುಗಿಸುತ್ತಾರೆ.

ಇನ್ನು ಆ ಬ್ರೆಡ್ ದೃಶ್ಯ. ಒಬ್ಬ ಹೆಂಗಸಿನ ತಲೆಯ ಆ ಕಡೆ ಈ ಕಡೆ ಎರಡು ಬ್ರೆಡ್ ತುಂಡು ಒತ್ತಿ ಹಿಡಿದು, 'ಈಡಿಯಟ್ ಸ್ಯಾಂಡ್‌ವಿಚ್' ಎಂದು ಅವಳ ಬಾಯಲ್ಲೇ ಹೇಳಿಸುತ್ತಾರಲ್ಲ, ಅದೇ. ಎಂಥಾ ಸಿಟ್ಟು ಅಂತ ನಾನು ವರ್ಷಗಟ್ಟಲೆ ಮೆಚ್ಚಿಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಸ್ಪರ್ಧೆಯದ್ದೇ ಅಲ್ಲ. 2015ರಲ್ಲಿ ಒಂದು ಟಾಕ್ ಶೋಗೆ ಮಾಡಿದ ತಮಾಷೆ. ಫ್ರೀಜರಿನಿಂದ ತೆಗೆದದ್ದನ್ನು ಬಿಸಿ ಮಾಡಿ ತಾಜಾ ಅಂತ ಬಡಿಸಿದರೆ ಸಾಹೇಬರಿಗೆ ಎಷ್ಟು ಸಿಟ್ಟು ಬರುತ್ತದೋ, ಅಷ್ಟೇ ಸಿಟ್ಟು ನನಗೂ ಬಂತು.