ಸೈರನ್ ಇಲ್ಲದ ಶಿಫ್ಟು

ನಿನ್ನೆ, 2025ರ ನವೆಂಬರ್ 2ರ ಭಾನುವಾರ, ಅಮೆರಿಕದವರು ಪ್ರತಿ ವರ್ಷದ ಹಾಗೆ ಚಳಿಗಾಲಕ್ಕೆ ಅಂತ ತಮ್ಮ ಗಡಿಯಾರಾನ ಒಂದು ಗಂಟೆ ಹಿಂದಕ್ಕೆ ಇಟ್ಟುಕೊಂಡರು. ತಣ್ಣಗಾಗಿದ್ದು ಮಾತ್ರ ತುಮಕೂರಿನ ಕ್ಯಾತಸಂದ್ರದ ನಮ್ಮನೆ ಮುದ್ದೆ.

ಐಟಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ನ್ಯೂಯಾರ್ಕಿನ ಕ್ಲೈಂಟಿನ ಜೊತೆಗಿನ ನನ್ನ ಸಂಜೆ ಕಾಲ್ ಅವರ ಬೆಳಿಗ್ಗೆ 10ಕ್ಕೆ. ಮಾರ್ಚ್‌ನಿಂದ ಮೊನ್ನೆವರೆಗೆ ಅದು ನಮಗೆ ಏಳೂವರೆ. ಇವತ್ತಿನಿಂದ ಮತ್ತೆ ಮಾರ್ಚ್ ಬರೋವರೆಗೂ ಎಂಟೂವರೆ. ಅವರಿಗೆ ಆಗಲೂ ಹತ್ತೇ, ಈಗಲೂ ಹತ್ತೇ. ಜರುಗಬೇಕಾದವರು ನಾವು. ಏಳೂವರೆ ಆಗಿದ್ದಾಗ ಕಾಲ್ ಮುಗಿಸಿ ಮಗಳ ಜೊತೆ ಕೂತು ಊಟ ಮಾಡಬಹುದಿತ್ತು. ಎಂಟೂವರೆ ಅಂದರೆ ಸರಿಯಾಗಿ ತಟ್ಟೆ ಹಾಕೋ ಹೊತ್ತು. "ಅಮೆರಿಕಕ್ಕೆ ಚಳಿಗಾಲ ಬಂದ್ರೆ ನಮ್ಮನೆ ಸಾರು ಆರುತ್ತಲ್ರೀ" ಅಂತ ಹೆಂಡತಿ ಪ್ರತಿ ವರ್ಷ ಹೇಳ್ತಾಳೆ. ಶನಿವಾರ ರಾಜ್ಯೋತ್ಸವ ಇತ್ತು, ಅದೂ ವಾರದ ರಜೆಯೊಳಗೇ ಮುಳುಗಿಹೋಯ್ತು. ಕ್ಯಾಲೆಂಡರಿನ ಕೆಂಪಂಕಿ ಶನಿವಾರಕ್ಕೆ ಬಿದ್ದರೆ ನಮ್ಮಂಥವರಿಗೆ ಅದು ಹಬ್ಬ ಅಲ್ಲ, ನಷ್ಟ.

ಗಡಿಯಾರದ ಮಾತು ಬಂತಲ್ಲ, ಅಪ್ಪನ ವಿಷಯ ಹೇಳ್ತೀನಿ. ಅಪ್ಪ ಎಚ್‌ಎಂಟಿಯವರು. ನಮ್ಮೂರಲ್ಲಿ ವಾಚ್ ಫ್ಯಾಕ್ಟರಿ ಶುರುವಾದ ಹೊಸತರಲ್ಲೇ ಸೇರಿದವರು, ಆಮೇಲೆ ವಿಆರ್‌ಎಸ್ ತಗೊಂಡು ಬಂದವರು. ಈಗ ಎಪ್ಪತ್ತು ದಾಟಿದೆ. ಇವತ್ತಿಗೂ ಬೆಳಿಗ್ಗೆ ಐದಕ್ಕೆ ಎದ್ದು, ಮುಖ ತೊಳೆದು, ಮೊದಲು ಮಾಡೋ ಕೆಲಸ ಕೈಗಡಿಯಾರಕ್ಕೆ ಕೀ ಕೊಡೋದು. ಎಚ್‌ಎಂಟಿ ಜನತಾ, 17 ಜ್ಯುವೆಲ್. ಹೆಬ್ಬೆರಳು ತೋರುಬೆರಳ ನಡುವೆ ಆ ಸಣ್ಣ ಕೀ ಗುಂಡಿಯನ್ನ ಹಿಡಿದು ತಿರುಗಿಸ್ತಾರೆ, ಎಣಿಸಲ್ಲ, ಆದರೆ ಬಿಗಿಯಾಗೋಕೆ ಅರ್ಧ ಸುತ್ತು ಇರೋವಾಗಲೇ ಕೈ ತಾನಾಗಿ ನಿಲ್ಲುತ್ತೆ. ಆಮೇಲೆ ಕಿವಿಗೆ ಹಿಡಿದು ಕೇಳ್ತಾರೆ. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಸರಿ ಅನ್ನಿಸಿದರೆ ಕೈಗೆ ಕಟ್ಟಿಕೊಳ್ತಾರೆ.

ನಾನು ಚಿಕ್ಕವನಿದ್ದಾಗ ಅಪ್ಪನ ಕೆಲಸದ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ. ಒಂದು ಸೈರನ್. ಇನ್ನೊಂದು ಓಟಿ. ಸೈರನ್ ಆಯ್ತು ಅಂದರೆ ಕೆಲಸ ಮುಗೀತು, ಅಪ್ಪ ಸೈಕಲ್ ಹತ್ತಿದರು ಅಂತ ಅರ್ಥ. ಯಾವತ್ತಾದರೂ ತಡವಾದರೆ ಅಮ್ಮ ಗಾಬರಿ ಆಗ್ತಿರಲಿಲ್ಲ, ಒಳಗೊಳಗೇ ಖುಷಿ: ಓಟಿ ಇರಬೇಕು. ಓಟಿ ಅಂದರೆ ಡಬಲ್ ಕೂಲಿ. 1948ರ ಕಾರ್ಖಾನೆಗಳ ಕಾಯ್ದೆಯಲ್ಲೇ ಹಾಗಿತ್ತು. ಓಟಿ ದುಡ್ಡಲ್ಲಿ ಬಂದ ಮಿಕ್ಸಿ ನಮ್ಮನೆಯಲ್ಲಿ ಹದಿನೈದು ವರ್ಷ ಬಾಳಿಕೆ ಬಂತು.

ನಾನು ಇದೇ ಊರಲ್ಲಿ ಎಂಜಿನಿಯರಿಂಗ್ ಮುಗಿಸಿ 2006ರಲ್ಲಿ ಕೆಲಸಕ್ಕೆ ಸೇರಿದೆ. ಹತ್ತೊಂಬತ್ತು ವರ್ಷ ಆಯ್ತು. ಈ ಹತ್ತೊಂಬತ್ತು ವರ್ಷದಲ್ಲಿ ನನ್ನ ಸಮಯ ಉಳಿಸ್ತೀವಿ ಅಂತ ಬಂದ ವಸ್ತುಗಳಿಗೆ ಲೆಕ್ಕ ಇಲ್ಲ. ಮೊದಲು ಲ್ಯಾಪ್‌ಟಾಪ್ ಕೊಟ್ಟರು: ಆಫೀಸಲ್ಲೇ ಕೂರಬೇಕಿಲ್ಲ, ಬೇಗ ಹೊರಡಿ. ಬೇಗ ಹೊರಟೆ, ಲ್ಯಾಪ್‌ಟಾಪೂ ಜೊತೆಗೇ ಹೊರಟಿತು. ಆಮೇಲೆ ಡೇಟಾ ಕಾರ್ಡ್, ಆಮೇಲೆ ಮೊಬೈಲಲ್ಲೇ ಮೇಲ್. 2020ರ ಮಾರ್ಚಲ್ಲಿ ಲಾಕ್‌ಡೌನ್ ಬಂದು ಎಲ್ಲರೂ ಮನೆಯಿಂದಲೇ ಕೆಲಸ ಶುರು ಮಾಡಿದೆವು. ದಿನಕ್ಕೆ ಆರು ಗಂಟೆ ಓಡಾಟ ಉಳೀತು! ಮೊದಲ ಹದಿನೈದು ದಿನ ಸಂಜೆ ದೇವರಾಯನದುರ್ಗದ ಕಡೆ ಗಾಡಿಯಲ್ಲಿ ಹೋಗಿ ಬರಬಹುದು ಅಂತೆಲ್ಲ ಲೆಕ್ಕ ಹಾಕಿದ್ದೆ, ಪೊಲೀಸರು ಬಿಟ್ಟರೆ. ಮೇ ಹೊತ್ತಿಗೆ ಬೆಳಿಗ್ಗೆ ಎಂಟರ ಕಾಲ್ ಒಂದು, ರಾತ್ರಿ ಹತ್ತರ ಕಾಲ್ ಒಂದು ಬಂದು ಕೂತಿದ್ದವು. ಹೇಗೂ ಟ್ರಾವೆಲ್ ಇಲ್ಲವಲ್ಲ ಅಂದರು. ಉಳಿದ ಆರು ಗಂಟೆ ಯಾರ ಜೇಬಿಗೆ ಹೋಯ್ತು ಅಂತ ನಾನು ಆಗ ಕೇಳಲಿಲ್ಲ. ಕೇಳಬೇಕಿತ್ತು.

ಈಗ ಎಐ.

ನಾನು ಎಐ ವಿರೋಧಿ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಹಳೇ ಜಾವಾ ಕೋಡಿಗೆ ಟೆಸ್ಟ್ (ಕೋಡ್ ಸರಿ ಇದೆಯಾ ಅಂತ ನೋಡೋ ಪುಟ್ಟ ಪ್ರೋಗ್ರಾಂ) ಬರೆಯೋದು ಅಂದರೆ ಸಗಣಿ ಗುಡಿಸೋ ಹಂಗೆ, ಯಾರಾದರೂ ಮಾಡಲೇಬೇಕು, ಯಾರಿಗೂ ಬೇಡ. ಎರಡು ದಿನದ ಆ ಕೆಲಸಾನ ಈಗ ಎರಡು ಗಂಟೆಯಲ್ಲಿ ಮುಗಿಸ್ತೀನಿ. ಯಾರೋ 2011ರಲ್ಲಿ ಬರೆದು ಬಿಟ್ಟುಹೋದ ಸಾವಿರ ಸಾಲಿನ ಫಂಕ್ಷನ್ ಏನು ಮಾಡುತ್ತೆ ಅಂತ ಕೇಳಿದರೆ ಹೇಳುತ್ತೆ. ಬರೆದವನಿಗೂ ಅಷ್ಟು ನೆನಪಿರಲ್ಲ.

ಆದರೆ ಉಳಿದ ಒಂದೂಮುಕ್ಕಾಲು ದಿನ ಎಲ್ಲಿ? ಸ್ಪ್ರಿಂಟ್ ಅನ್ನೋ ಎರಡು ವಾರದ ಕಂತಿಗೆ ನಾನು 8 ಪಾಯಿಂಟ್ ಕೆಲಸ ತಗೋತಿದ್ದೆ, ಪಾಯಿಂಟ್ ಅಂದರೆ ಕೆಲಸದ ಗಾತ್ರದ ಅಳತೆ. ಟೂಲ್ ಬಂದ ಮೂರನೇ ತಿಂಗಳಿಗೆ ಪ್ಲ್ಯಾನಿಂಗ್ ಮೀಟಿಂಗಲ್ಲಿ ಮ್ಯಾನೇಜರು "ಎಐ ಇದ್ಯಲ್ಲ, 13 ಹಾಕ್ಕೊಳ್ಳೋಣ" ಅಂದರು. ಒಳ್ಳೇ ಮನುಷ್ಯ, ನನಗಿಂತ ಕಡಿಮೆ ನಿದ್ದೆ ಮಾಡ್ತಾರೆ. ಅವರಿಗೂ ಮೇಲಿಂದ ಬಂದಿರುತ್ತೆ. ಜೊತೆಗೆ ಒಂದು ಡ್ಯಾಶ್‌ಬೋರ್ಡ್: ಯಾರು ಟೂಲ್ ಎಷ್ಟು ಬಳಸಿದರು, ಅದು ಕೊಟ್ಟ ಸಾಲುಗಳಲ್ಲಿ ಎಷ್ಟನ್ನ ಒಪ್ಪಿಕೊಂಡರು. ಕಡಿಮೆ ಒಪ್ಪಿಕೊಂಡರೆ ಹೆಸರು ಕೆಂಪಗಾಗುತ್ತೆ. ಅಂದರೆ ತಪ್ಪು ಕೋಡ್ ಬೇಡ ಅಂತ ತಿರಸ್ಕರಿಸೋದು ನನ್ನ ಕೆಲಸ, ತಿರಸ್ಕರಿಸಿದರೆ ನನ್ನದೇ ರ‍್ಯಾಂಕ್ ಇಳಿಯುತ್ತೆ.

ಇನ್ನೊಂದು, ಹೊರಗಿನವರಿಗೆ ಕಾಣದ ವಿಷಯ. ನಾನೇ ಬರೆದ ಕೋಡ್ ಬರೀತಾ ಬರೀತಾ ತಲೆಗೆ ಹತ್ತಿರುತ್ತೆ. ಬೇರೆಯವರು ಬರೆದದ್ದನ್ನ ಓದಿ ಸರಿ ಇದೆ ಅಂತ ಸಹಿ ಹಾಕೋದಕ್ಕೆ ಬೇರೆ ಥರದ ಎಚ್ಚರ ಬೇಕು. ಇಡೀ ದಿನ ಬರೀ ಓದು, ಬರೀ ಸಹಿ. ಸಂಜೆ ಆರಕ್ಕೆ ಕಣ್ಣು ಸಾಲುಗಳ ಮೇಲೆ ಜಾರುತ್ತೆ. ಕೋಡ್ ನೋಡೋಕೆ ಚೆನ್ನಾಗಿಯೇ ಇರುತ್ತೆ, ತೊಂದರೆ ಇರೋದೇ ಅಲ್ಲಿ. ಕೆಟ್ಟದಾಗಿ ಕಾಣೋ ಕೋಡಲ್ಲಿ ತಪ್ಪು ಹುಡುಕೋದು ಸುಲಭ.

ಈ ವರ್ಷ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 5:10ಕ್ಕೆ ಫೋನು. ಕ್ಲೈಂಟಿನ ದಿನದ ಲೆಕ್ಕ ಹೊಂದ್ತಿಲ್ಲ. ಅವರ ದಿನ ಮುಚ್ಚೋದು ನ್ಯೂಯಾರ್ಕಿನ ಸಂಜೆ ಆರಕ್ಕೆ. ಆರರ ನಂತರದ ವಹಿವಾಟು ಮರುದಿನದ ಖಾತೆಗೆ ಹೋಗಬೇಕು. ಸೋಮವಾರ ಆರರಿಂದ ಏಳರವರೆಗೆ ನಡೆದ ವಹಿವಾಟೆಲ್ಲ ಸೋಮವಾರಕ್ಕೇ ಬಂದು ಬಿದ್ದಿದೆ. ಹುಡುಕಿದರೆ ಸಿಕ್ಕಿದ್ದು ಒಂದೇ ಸಾಲು. ನ್ಯೂಯಾರ್ಕ್ ಚಳಿಗಾಲದಲ್ಲಿ ಯುಟಿಸಿಗಿಂತ (ಜಗತ್ತಿಗೆಲ್ಲ ಅಳತೆಗೋಲಾದ ಸಮಯ) 5 ಗಂಟೆ ಹಿಂದೆ, ಮಾರ್ಚಿನ ಎರಡನೇ ಭಾನುವಾರದಿಂದ 4 ಗಂಟೆ. ಕೋಡಲ್ಲಿ ಊರಿನ ಹೆಸರು ಕೊಟ್ಟಿದ್ದರೆ ಈ ಬದಲಾವಣೆನ ಲೈಬ್ರರಿಯೇ, ಅಂದರೆ ಮೊದಲೇ ಬರೆದಿಟ್ಟ ಸಿದ್ಧ ಕೋಡೇ, ನೋಡಿಕೊಳ್ತಿತ್ತು. ಎಐ ಹೆಸರು ಕೊಡೋ ಬದಲು 5 ಅಂತ ಕೆತ್ತಿಟ್ಟಿತ್ತು. ಟೆಸ್ಟ್‌ಗಳನ್ನೂ ಅದರ ಕೈಯಲ್ಲೇ ಬರೆಸಿದ್ದೆ. ಹದಿನಾಲ್ಕು ಟೆಸ್ಟು. ನಾನು ಬರೆಸಿದ್ದು ಜನವರಿಯಲ್ಲಿ, ಹದಿನಾಲ್ಕರಲ್ಲೂ ಜನವರಿ ತಾರೀಖೇ. ಎಲ್ಲವೂ ಹಸಿರು, ಅಂದರೆ ಪಾಸು. ಪ್ರಶ್ನೆಪತ್ರಿಕೆ ತೆಗೆದವನೇ ಉತ್ತರ ಬರೆದರೆ ಇನ್ನೇನಾಗುತ್ತೆ?

ಕೋಡ್ ಸೇರಿಸಿದವರ ಹೆಸರು ಇರಬೇಕಾದ ಕಡೆ ಇದ್ದದ್ದು ನನ್ನ ಹೆಸರು. ಅದು ನ್ಯಾಯವೇ, ಓದದೆ ಸಹಿ ಹಾಕಿದವನು ನಾನು.

ಅಪ್ಪ ಅಷ್ಟೊತ್ತಿಗೆ ಎದ್ದು ವಾಚಿಗೆ ಕೀ ಕೊಡ್ತಾ ಕೂತಿದ್ದರು. ಏನಾಯ್ತು ಅಂತ ಕೇಳಿದರು. ನಾನು ತಲೆ ಬಿಸಿಯಲ್ಲಿದ್ದರೂ ಹೇಳಿದೆ, ಗಡಿಯಾರದ ವಿಷಯ ಆದ್ದರಿಂದ ಅವರಿಗೆ ತಕ್ಷಣ ಅರ್ಥ ಆಯ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಕ್ವಾರ್ಟ್ಜು ಬಂದು ನಮ್ ಅನ್ನ ಕಿತ್ಕಂತು ಕಣಪ್ಪ. ಆದ್ರೆ ಅದು ಟೈಮ್ ನಮ್ಗಿಂತ ಸರಿಯಾಗಿ ತೋರಿಸ್ತಿತ್ತು. ಒಪ್ಕಳ್ಳೇಬೇಕಿತ್ತು. ನಿಂದು ಟೈಮೂ ಸರಿಯಾಗಿ ತೋರ್ಸಲ್ವಲ್ಲೋ?"

ಬ್ಯಾಟರಿ ವಾಚಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ನಡುಗುತ್ತೆ, ಅಪ್ಪನ ಜನತಾ ಐದು ಸಲ. ಅಲ್ಲಿ ವಾದಕ್ಕೆ ಜಾಗ ಇರಲಿಲ್ಲ. 1984ರಲ್ಲಿ ಕ್ವಾರ್ಟ್ಜ್ ವಾಚಿನ ಟೈಟನ್ ಹುಟ್ಟಿತು, ಮುಂದಿನ ಕತೆ ಊರಿಗೆಲ್ಲ ಗೊತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚೋದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮೂರ ಫ್ಯಾಕ್ಟರಿ ಜಾಗ ಇಸ್ರೋ ಪಾಲಾಯ್ತು. ಸೈರನ್ ಇದ್ದ ಫ್ಯಾಕ್ಟರಿ ಮುಚ್ಚಿತು, ಸೈರನ್ ಇಲ್ಲದ ನನ್ನ ಕಂಪನಿ ಲಾಭದಲ್ಲಿದೆ. ಇದನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಬರೀ ಹಳೇದನ್ನ ಹೊಗಳಿದ ಹಾಗಾಗುತ್ತೆ. ಆದರೂ ಒಂದು ವ್ಯತ್ಯಾಸ ಇದೆ. ಅಪ್ಪನ ಕೆಲಸಾನ ಯಂತ್ರ ತಗೊಂಡಾಗ ಅದರ ಹೊಣೆಯನ್ನೂ ಯಂತ್ರವೇ ತಗೊಳ್ತು. ನನ್ನ ಕೆಲಸದಲ್ಲಿ ಬರೆಯೋದು ಅದು, ಐದು ಗಂಟೆಗೆ ಏಳೋದು ನಾನು.

ಕಾನೂನು ಇಲ್ವಾ ಅಂತ ಕೇಳ್ತೀರಿ. ಇದೆ. ನಮಗೆ ಅನ್ವಯ ಆಗೋದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಮೀರಿದರೆ ಅಲ್ಲೂ ಡಬಲ್. ಓದಿದರೆ ಕಣ್ಣು ತುಂಬಿ ಬರುತ್ತೆ. ಆದರೆ ಮ್ಯಾನೇಜ್‌ಮೆಂಟ್ ಸ್ಥಾನದಲ್ಲಿ ಇರೋರು ಆ ಕಾಯ್ದೆಯಿಂದ ಹೊರಗೆ. ನನ್ನ ಹುದ್ದೆ ಹೆಸರಲ್ಲಿ "ಲೀಡ್" ಅಂತ ಇದೆ. ನಾನು ಯಾರನ್ನ ಲೀಡ್ ಮಾಡ್ತೀನಿ? ಮೊದಲು ಮೂವರು ಹುಡುಗರಿದ್ದರು, ಈಗ ಒಬ್ಬ, ಮತ್ತೆ ಆ ಟೂಲು. ಅದಕ್ಕೂ ರಜೆ ಮಂಜೂರು ಮಾಡೋ ಅಧಿಕಾರ ನನಗಿಲ್ಲ. ಕೆಲಸದ ಷರತ್ತುಗಳನ್ನ ಬರೆದಿಡಬೇಕು ಅನ್ನೋ ಸ್ಥಾಯಿ ಆದೇಶಗಳ ಕಾಯ್ದೆಯಿಂದಲೂ ನಮ್ಮ ರಾಜ್ಯದಲ್ಲಿ ಐಟಿಗೆ ವಿನಾಯಿತಿ ಕೊಟ್ಟಿದ್ದರು, 2024ರಲ್ಲಿ ಅದನ್ನ ಮತ್ತೆ ಐದು ವರ್ಷ ಮುಂದುವರಿಸಿದರು. ಅದೇ ವರ್ಷ ಜುಲೈನಲ್ಲಿ ಐಟಿಯವರ ದಿನಾನ 14 ಗಂಟೆವರೆಗೂ ಎಳೆಯೋ ಪ್ರಸ್ತಾಪ ಬಂತು, ಈ ವರ್ಷ ಜೂನಲ್ಲಿ ಒಂಬತ್ತನ್ನ ಹತ್ತು ಮಾಡೋ ಪ್ರಸ್ತಾಪ. ಎರಡಕ್ಕೂ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿಯಿತು. ನಾನು ಇಳಿಯಲಿಲ್ಲ. ಆ ಪ್ರಸ್ತಾಪಗಳನ್ನ ನೋಡಿ ನನಗೆ ಅನ್ನಿಸಿದ್ದು ಒಂದೇ: ಗಂಟೆ ಉಳಿಸೋ ಯಂತ್ರ ಮನೆಬಾಗಿಲಿಗೆ ಬಂದಿರೋ ಕಾಲದಲ್ಲೇ ಗಂಟೆ ಜಾಸ್ತಿ ಬೇಕು ಅಂತ ಕೇಳ್ತಿದ್ದಾರಲ್ಲ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿರಬೇಕು.

"ಕೆಲಸ ಇದ್ಯಲ್ಲ, ಸುಮ್ನಿರು" ಅನ್ನೋರು ಇದ್ದಾರೆ. ಗೊತ್ತು. ಈ ವರ್ಷ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನ, ಅಂದರೆ ನೂರಕ್ಕೆ ಇಬ್ಬರನ್ನ ಕಡಿಮೆ ಮಾಡ್ತೀವಿ ಅಂದಾಗ ನಮ್ಮ ಟ್ರೈನಿನಲ್ಲಿ ಎರಡು ದಿನ ಇಸ್ಪೀಟ್ ಆಟ ನಿಂತುಹೋಗಿತ್ತು. ನನ್ನ ಅಕ್ಕನ ಮಗ ಫೈನಲ್ ಇಯರ್. ನಾವು ಹೊಸದಾಗಿ ಸೇರಿದಾಗ ಮೊದಲ ಆರು ತಿಂಗಳು ಕೊಡ್ತಿದ್ದದ್ದು ಸಣ್ಣಪುಟ್ಟ ಬಗ್‌ಗಳು, ಟೆಸ್ಟ್ ಬರೆಯೋದು. ಅಲ್ಲೇ ಕಲಿತದ್ದು. ಈಗ ಆ ಸಣ್ಣಪುಟ್ಟದ್ದನ್ನೇ ಟೂಲಿಗೆ ಕೊಡ್ತೀವಿ. ಅವನು ಎಲ್ಲಿ ಕಲೀಬೇಕು? ಇನ್ನು ಹತ್ತು ವರ್ಷಕ್ಕೆ ಆ ಹದಿನಾಲ್ಕು ಟೆಸ್ಟಿನಲ್ಲೂ ಜನವರಿಯೇ ಇದೆ ಅಂತ ಯಾರಿಗೆ ಹೊಳೀಬೇಕು?

ಟ್ರೈನ್ ಅಂದೆನಲ್ಲ, ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಬೇಕು. ಗೇಟಿನಲ್ಲಿ ಕಾರ್ಡ್ ಉಜ್ಜಿದ ಲೆಕ್ಕ ತಿಂಗಳ ಕೊನೆಗೆ ಬರುತ್ತೆ. ಬೆಳಿಗ್ಗೆ ಟ್ರೈನು, ಯಶವಂತಪುರದಲ್ಲಿ ಇಳಿದು ಮೆಟ್ರೊ, ಮೆಜೆಸ್ಟಿಕ್ಕಲ್ಲಿ ಬದಲಿಸಿ ವೈಟ್‌ಫೀಲ್ಡ್ ಕಡೆಗೆ. ಹೋಗೋಕೆ ಮೂರು ಗಂಟೆ, ಬರೋಕೆ ಮೂರು. ಅಲ್ಲಿ ಹೋಗಿ ಮಾಡೋದೇನು? ಹೆಡ್‌ಫೋನ್ ಹಾಕಿಕೊಂಡು ಪುಣೆಯವರ ಜೊತೆ, ಅಮೆರಿಕದವರ ಜೊತೆ ಕಾಲ್. ನನ್ನ ಟೀಮಿನವರು ಒಬ್ಬರೂ ಆ ಬಿಲ್ಡಿಂಗಲ್ಲಿ ಇಲ್ಲ. ಮೆಟ್ರೊ ತುಮಕೂರಿಗೇ ಬರುತ್ತಂತೆ ಅಂತ ಹೇಳೋರಿದ್ದಾರೆ. ಬರಲಿ, ಅದರಲ್ಲೂ ಉಳಿಯೋ ಗಂಟೆಗೆ ಒಂದು ಕಾಲ್ ರೆಡಿ ಇರುತ್ತೆ.

ಒಂದು ಮಾತು ಒಪ್ಪಿಕೊಳ್ತೀನಿ. ದೊಡ್ಡಬೆಲೆ, ನಿಡವಂದ ಸ್ಟೇಷನ್‌ಗಳ ಹತ್ತಿರ ನನ್ನ ಫೋನಿಗೆ ಸಿಗ್ನಲ್ ಹೋಗುತ್ತೆ. ಆ ಹತ್ತು ನಿಮಿಷ ಯಾರೂ ನನ್ನನ್ನ ಹುಡುಕೋ ಹಾಗಿಲ್ಲ. ಪಕ್ಕದವರು ಕಡ್ಲೆಕಾಯಿ ಪೊಟ್ಟಣ ಮುಂದೆ ಮಾಡ್ತಾರೆ. ದಿನದಲ್ಲಿ ನನ್ನ ಸ್ವಂತ ಸಮಯ ಅಂತ ಇರೋದು ಅದೊಂದೇ, ಅದನ್ನೂ ಟವರ್ ಹಾಕಿ ಸರಿ ಮಾಡ್ತಾರೋ ಏನೋ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಟೂಲಿನಿಂದ ಎಷ್ಟು ಗಂಟೆ ಉಳೀತು ಅಂತ ಕಂಪನಿಗಳೇ ಸ್ಲೈಡ್ ಮಾಡಿ ಕ್ಲೈಂಟಿಗೆ ತೋರಿಸ್ತವೆ. ಅದೇ ಸ್ಲೈಡಿನಲ್ಲಿ ಇನ್ನೊಂದು ಕಾಲಂ ಹಾಕಲಿ: ಅದರಲ್ಲಿ ಕೆಲಸಗಾರನಿಗೆ ವಾಪಸ್ ಹೋದದ್ದೆಷ್ಟು. ಅರ್ಧ ಬೇಡ, ಕಾಲುಭಾಗ ಕೊಡಿ. ಸೊನ್ನೆ ಇದ್ದರೆ ಸೊನ್ನೆ ಅಂತಲೇ ಬರೀಲಿ. ರಾತ್ರಿ ಎಬ್ಬಿಸಿದ್ದಕ್ಕೆ ಓಟಿ ಕೊಡಲಿ, ಹುದ್ದೆ ಹೆಸರು ಏನಾದರೂ ಇರಲಿ.

ಆ ಮಾರ್ಚ್ 11ರ ಬೆಳಿಗ್ಗೆ ಅಪ್ಪ ಕೊನೆಗೆ ಕೇಳಿದ್ದೂ ಅದನ್ನೇ. "ಇದಕ್ಕೆ ಓಟಿ ಎಷ್ಟು ಹಾಕ್ತಾರೆ?" ಓಟಿ ಇಲ್ಲ ಅಪ್ಪ, ಕಾಂಪ್ ಆಫ್ ಕೊಡ್ತಾರೆ, ಒಂದು ದಿನ ರಜೆ ಅಂದೆ. "ತಗೊಂಡ್ಯಾ?" ಅಂತ ಆಮೇಲೆ ಎರಡು ಮೂರು ಸಲ ಕೇಳಿದರು. ರಿಲೀಸ್ ಇತ್ತು, ಆಮೇಲೆ ಇನ್ನೊಂದು ರಿಲೀಸ್. ಅರವತ್ತು ದಿನ ಆದಮೇಲೆ ಅದು ತಾನಾಗಿ ಅಳಿಸಿಹೋಯ್ತು. ಅಳಿಸಿದ್ದೀವಿ ಅಂತ ಮೇಲ್ ಮಾತ್ರ ಸರಿಯಾದ ಸಮಯಕ್ಕೆ ಬಂತು. ಅಪ್ಪನಿಗೆ ಇನ್ನೂ ಹೇಳಿಲ್ಲ.

ನಾಳೆ ಮಂಗಳವಾರ, ಕಾರ್ಡ್ ಉಜ್ಜೋ ದಿನ. ನಮ್ಮ ಲೈನಿನವರು ಯಾರಾದರೂ ಬೆಳಗಿನ ಟ್ರೈನಲ್ಲಿ ಸಿಕ್ಕರೆ ಮಾತಾಡೋಣ, ಹಿಂದಿನಿಂದ ಮೂರನೇ ಬೋಗಿ. ಸಂಜೆ ಮಾತ್ರ ಎಂಟೂವರೆ ಮೇಲೆ ಫೋನ್ ಮಾಡಬೇಡಿ, ಕಾಲಲ್ಲಿ ಇರ್ತೀನಿ.