ಶಿಲೆ, ಸುಮಾರು 12ನೇ ಶತಮಾನ, ಮುಟ್ಟಬಾರದು

ನಮ್ಮ ನಾಡಿನ ಸರ್ಕಾರಿ ವಸ್ತುಸಂಗ್ರಹಾಲಯಗಳ ಮೇಲೆ ಬುದ್ಧಿವಂತರು ಆಗಾಗ ಹೊರಿಸುವ ಆರೋಪವೆಂದರೆ ಅಲ್ಲಿನ ಫಲಕಗಳು ಏನನ್ನೂ ಹೇಳುವುದಿಲ್ಲ ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ಒಂದು ಜಿಲ್ಲಾ ಕೇಂದ್ರದ ಸಂಗ್ರಹಾಲಯದಲ್ಲಿ ಎದೆಮಟ್ಟದ ವಿಗ್ರಹವೊಂದರ ಬುಡದಲ್ಲಿ ‘ವಿಷ್ಣು. ಶಿಲೆ. ಸು. 12ನೇ ಶತಮಾನ’ ಎಂದು ಬರೆದ ಚೀಟಿಯನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದೆ. ಕಲ್ಲಿನದು ಎಂಬುದು ಕಣ್ಣಿಗೇ ಕಾಣುತ್ತಿತ್ತು. ಶಂಖ ಚಕ್ರಗಳಿದ್ದುದರಿಂದ ವಿಷ್ಣು ಎಂಬುದು ಪಕ್ಕದಲ್ಲಿದ್ದ ಶಾಲಾ ಹುಡುಗನಿಗೂ ಗೊತ್ತಿತ್ತು. ಉಳಿದ ಶತಮಾನವನ್ನು ‘ಸು.’ ಎಂಬ ಒಂಟಿ ಅಕ್ಷರ ಕಾವಲು ಕಾಯುತ್ತಿತ್ತು. ಇಡೀ ಚೀಟಿಯಲ್ಲಿ ಇಲಾಖೆಯನ್ನು ಸಿಕ್ಕಿಹಾಕಿಸಬಲ್ಲ ಒಂದು ಮಾತೂ ಇರಲಿಲ್ಲ. ನಾಳೆ ಯಾರಾದರೂ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಲಿ, ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯೇ ಬರಲಿ, ಈ ಮೂರು ಮಾತುಗಳನ್ನು ಅಲುಗಾಡಿಸಲು ಸಾಧ್ಯವಿಲ್ಲ. ಅದು ಯಾವ ಊರಿನ ಯಾವ ಗುಡಿಯಿಂದ ಬಂತು, ಯಾರು ಮಾಡಿಸಿದ್ದು, ಮೂಗು ಹೇಗೆ ಮುರಿಯಿತು ಎಂದೆಲ್ಲ ಬರೆಯಹೊರಟರೆ ಆ ಊರಿನವರು ಲಾರಿ ಸಮೇತ ಬಂದು ನಮ್ಮ ದೇವರನ್ನು ನಮಗೆ ಕೊಡಿ ಎಂದಾರು. ಶಿಲೆ ಎಂದು ಬರೆದು ಸುಮ್ಮನಾಗುವುದರಲ್ಲಿ ಆಡಳಿತದ ಜಾಣತನವಿದೆ.

ಮುಟ್ಟಬಾರದು ಎಂಬ ಸೂಚನೆಯ ಹಿಂದೆಯೂ ಆಳವಾದ ತತ್ತ್ವವಿದೆ. ಒಂದು ವೀರಗಲ್ಲು ಊರ ಹೊರಗಿನ ಹೊಲದಲ್ಲಿ ಸಾವಿರ ವರ್ಷ ನಿಂತಿತ್ತು ಎಂದುಕೊಳ್ಳಿ. ಅಷ್ಟೂ ಕಾಲ ಎಮ್ಮೆಗಳು ಅದಕ್ಕೆ ಮೈ ಉಜ್ಜಿಕೊಂಡವು, ಹೆಂಗಸರು ಅರಿಸಿನ ಕುಂಕುಮ ಹಚ್ಚಿದರು, ಸುಗ್ಗಿಯಲ್ಲಿ ಯಾರೋ ಅದರ ಅಂಚಿಗೆ ಕುಡುಗೋಲು ಮಸೆದರು. ಆಮೇಲೆ ಸರ್ಕಾರದ ಕಣ್ಣು ಬಿದ್ದು ಅದು ಜಿಲ್ಲಾ ಕೇಂದ್ರಕ್ಕೆ ಬಂತು. ಒಳಗೆ ಜಾಗ ಸಾಲದೆ ಅಂಗಳದ ಹುಲ್ಲಿನ ಮೇಲೆ, ಅದೇ ಬಿಸಿಲು ಅದೇ ಮಳೆಯಲ್ಲಿ, ಬುಡಕ್ಕೆ ಸಿಮೆಂಟು ಹಾಕಿಸಿಕೊಂಡು ನಿಂತಿತು. ಬದಲಾದದ್ದು ಒಂದೇ: ಈಗ ಅದನ್ನು ಮನುಷ್ಯರು ಮುಟ್ಟುವಂತಿಲ್ಲ. ಮಳೆಗೆ ಅಕ್ಷರಜ್ಞಾನವಿಲ್ಲದ ಕಾರಣ ಅದು ಸೂಚನಾ ಫಲಕವನ್ನು ಲೆಕ್ಕಿಸದೆ ಮುಟ್ಟುತ್ತಲೇ ಇದೆ. ಇತ್ತ ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳಿನ ಸಂಗ್ರಹಾಲಯದಲ್ಲಿ ನಿಜವಾದ ಮನುಷ್ಯನ ಮಿದುಳನ್ನೇ ಸಂದರ್ಶಕರ ಕೈಗೆ ಕೊಟ್ಟು, ಹಿಡಿದು ನೋಡಿ ಎನ್ನುತ್ತಾರೆ. ಕಲ್ಲು ಸವೆದೀತೆಂಬ ಭಯ ನಮಗಿದೆ. ಮಿದುಳಿನ ವಿಷಯದಲ್ಲಿ ಅಂಥ ಭಯವಿಲ್ಲ. ಅದು ಬಳಕೆಯಿಂದ ಸವೆದುಹೋದ ಉದಾಹರಣೆ ನಮ್ಮ ಸಾರ್ವಜನಿಕ ಜೀವನದಲ್ಲಿ ಈವರೆಗೆ ಕಂಡುಬಂದಿಲ್ಲವಷ್ಟೆ.

ಜನ ಬರುವುದಿಲ್ಲ ಎಂಬ ಕೊರಗೂ ಹೊಸದೇನಲ್ಲ. 1865ರಲ್ಲಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕಾರಣನಾದ ಎಡ್ವರ್ಡ್ ಬಾಲ್ಫೋರ್ ಎಂಬ ವೈದ್ಯ ಅದಕ್ಕೂ ಮೊದಲು ಮದರಾಸಿನಲ್ಲಿ ಇಂಥದೇ ಸಂಸ್ಥೆಯನ್ನು ಕಟ್ಟಿದ್ದ. ಆವರಣದಲ್ಲಿ ಜೀವಂತ ಪ್ರಾಣಿಗಳನ್ನಿಟ್ಟರೆ ಜನ ತಾವಾಗಿ ಬರುತ್ತಾರೆ ಎಂಬುದನ್ನು ಅಲ್ಲಿಯೇ ಕಂಡುಕೊಂಡಿದ್ದ. ಆ ಪ್ರಾಣಿಗಳಿಂದಲೇ ಮುಂದೆ ಮದರಾಸಿನ ಮೃಗಾಲಯ ಬೆಳೆಯಿತು. ಬಾಲ್ಫೋರನ ಆ ಸಿದ್ಧಾಂತ ಇಂದಿಗೂ ಸುಳ್ಳಾಗಿಲ್ಲ ಎಂಬುದನ್ನು ಕಸ್ತೂರಬಾ ರಸ್ತೆಯಲ್ಲಿ ಹತ್ತು ನಿಮಿಷ ನಿಂತು ನೋಡಿದವರಿಗೆ ಹೇಳಬೇಕಾಗಿಲ್ಲ. ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಲ್ಲುವುದು 1962ರಲ್ಲಿ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದ ಮುಂದೆ. ಅಲ್ಲಿ ಗುಂಡಿ ಒತ್ತಿದರೆ ಚಕ್ರ ತಿರುಗುತ್ತದೆ, ದೀಪ ಹತ್ತುತ್ತದೆ, ಡೈನೋಸಾರ್ ಇದೆ. ಪಕ್ಕದ ಕೆಂಪು ಕಟ್ಟಡದಲ್ಲಿ ಕನ್ನಡದ ಸಾವಿರ ವರ್ಷ ಒತ್ತಲು ಗುಂಡಿಯಿಲ್ಲದೆ ನಿಂತಿದೆ. ಅಲ್ಲಿಗೂ ಬರುವ ಮಕ್ಕಳ ಸಾಲನ್ನು ಮೇಷ್ಟರು ‘ಮಾತಾಡಬೇಡಿ, ಮುಟ್ಟಬೇಡಿ, ನಿಲ್ಲಬೇಡಿ’ ಎಂದು ಮುಂದಕ್ಕೆ ದೂಡುತ್ತಿರುತ್ತಾರೆ. ಇತಿಹಾಸದ ಎದುರು ಮಾತಾಡದೆ, ಮುಟ್ಟದೆ, ನಿಲ್ಲದೆ ಸಾಗುವುದನ್ನು ಆ ವಯಸ್ಸಿನಲ್ಲೇ ಕಲಿತ ಮಗು ದೊಡ್ಡದಾದ ಮೇಲೆ ಸರ್ಕಾರಿ ಕಚೇರಿಗಳಲ್ಲಿ ಯಾವ ತೊಂದರೆಯನ್ನೂ ಕೊಡುವುದಿಲ್ಲ.

ಫಲಕವನ್ನು ಸರಿಯಾಗಿ ಬರೆದರೆ ಜನ ಓದಿಬಿಡುತ್ತಾರೆ ಎಂಬ ಭ್ರಮೆಯೂ ಬೇಡ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಜಲವರ್ಣ ಚಿತ್ರವೊಂದಿದೆ. ಎಸ್.ಎಲ್. ಹಳದಣಕರ್ ಎಂಬ ಕಲಾವಿದರು ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದ ಚಿತ್ರವದು. ಅದರ ಮುಂದೆ ನಿಂತವರಲ್ಲಿ ಹೆಚ್ಚಿನವರು ಒಂದು ಕ್ಷಣ ಬೆರಗಾಗಿ ಆಮೇಲೆ ಭಕ್ತಿಯಿಂದ ‘ರವಿವರ್ಮ ಅಂದ್ರೆ ರವಿವರ್ಮನೇ ಬಿಡಿ’ ಎನ್ನುತ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ; ಈ ಚಿತ್ರ ಅದಾಗಿ ಸುಮಾರು ನಲವತ್ತು ವರ್ಷಗಳ ಮೇಲಿನದು. ತೀರಿಕೊಂಡ ಮೇಲೂ ಇಷ್ಟು ಚೆನ್ನಾಗಿ ಕೆಲಸ ಮಾಡಿದ ಕಲಾವಿದ ಪ್ರಪಂಚದಲ್ಲಿ ಇನ್ನೊಬ್ಬನಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಈ ಕಲ್ಲುಗಳನ್ನು ನಿಂತು ಓದುವ ಕೆಟ್ಟ ಚಾಳಿ ಕೆಲವರಿಗೆ ಇದ್ದೇ ಇರುತ್ತದೆ. ಅಂಥವರು ಬೆಂಗಳೂರಿನ ಸಂಗ್ರಹಾಲಯದಲ್ಲಿರುವ ಆತಕೂರು ಶಾಸನದ ಮುಂದೆ ಸಿಕ್ಕಿಬೀಳುತ್ತಾರೆ. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಈ ಕಲ್ಲಿನ ಮೇಲ್ಭಾಗದಲ್ಲಿ ಒಂದು ನಾಯಿಯೂ ಒಂದು ಹಂದಿಯೂ ಪರಸ್ಪರ ಮೇಲೆ ಬಿದ್ದು ಕಾದಾಡುತ್ತಿವೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ ಗಂಗ ಅರಸು ಬೂತುಗ ತನ್ನ ಭಟ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕೋ ಕೇಳು ಎಂದ. ಮಣಲೆರ ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಅರಸನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆಮೇಲೆ ಬೆಟ್ಟವೊಂದರ ಬಳಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಎರಡೂ ಸತ್ತವು. ಸತ್ತ ನಾಯಿಗಾಗಿ ಗುಡಿಯ ಎದುರು ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು.

ಈ ಶಾಸನದ ಕೊನೆಯ ಭಾಗವನ್ನು ಇಲಾಖೆಯವರು ಓದಿರಲಾರರೆಂದು ನಾನು ನಂಬಿದ್ದೇನೆ. ಓದಿಯೂ ಮಧ್ಯಾಹ್ನದ ಊಟ ಮಾಡುತ್ತಿದ್ದರೆ ಅದು ದೊಡ್ಡ ಧೈರ್ಯ. ಏಕೆಂದರೆ ಆ ಸ್ಥಳವನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟಲಿ ಎಂದು ಅಲ್ಲಿ ಸ್ಪಷ್ಟವಾಗಿ ಕೊರೆದಿದ್ದಾರೆ. ಕಲ್ಲು ಜಾಗ ಬದಲಿಸಿದರೆ ಗೊರವನ ಹೊಣೆ ಯಾರಿಗೆ ವರ್ಗವಾಗುತ್ತದೆ, ನಿರ್ದೇಶಕರಿಗೋ, ಕ್ಯುರೇಟರಿಗೋ, ಟಿಕೆಟು ಹರಿಯುವವರಿಗೋ ಎಂಬುದನ್ನು ಕಾನೂನು ಇಲಾಖೆಯ ಅಭಿಪ್ರಾಯಕ್ಕೆ ಕಳುಹಿಸಬೇಕಾದೀತು. ಗುತ್ತಿಗೆ ನೌಕರರಾದರೆ ಪಾಪವನ್ನು ಹೊರಗುತ್ತಿಗೆ ಸಂಸ್ಥೆಯೇ ಭರಿಸತಕ್ಕದ್ದು ಎಂಬ ಷರತ್ತನ್ನು ಮುಂದಿನ ಟೆಂಡರಿನಲ್ಲಿ ಸೇರಿಸಿಕೊಳ್ಳಬಹುದು.

ಹಳೆಯ ಶಾಸನಗಳ ಶಾಪಗಳನ್ನು ಓದಿದವರಿಗೆ ನಮ್ಮ ಈಗಿನ ಎಚ್ಚರಿಕೆಗಳು ಎಷ್ಟು ಸಪ್ಪೆ ಎಂಬುದು ಅರ್ಥವಾಗುತ್ತದೆ. ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಶ್ಲೋಕ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕನ್ನಡದ ಮೊದಲ ಶಾಸನವೆಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುವ, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನ ಕೂಡ ಯುದ್ಧದಲ್ಲಿ ಮೆರೆದ ವಿಜ ಅರಸನಿಗೆ ಎರಡು ಊರುಗಳನ್ನು ಕೊಟ್ಟ ಸಂಗತಿಯನ್ನು ಹೇಳಿ, ಇದನ್ನು ಕದ್ದವನು ಮಹಾಪಾತಕಿ ಎಂದು ಸೇರಿಸುತ್ತದೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ಹಲ್ಮಿಡಿಯ ಹೆಸರು ಕೇಳಿ ಚಪ್ಪಾಳೆ ತಟ್ಟುವ ಮಹನೀಯರಿಗೆ ಅದರಲ್ಲಿರುವುದು ಭೂಗಳ್ಳರಿಗೆ ಹಾಕಿದ ಶಾಪ ಎಂದು ಯಾರೂ ತಿಳಿಸದಿರುವುದು ಒಳ್ಳೆಯದೇ ಆಯಿತು. ತಿಳಿದಿದ್ದರೆ ಎಷ್ಟೋ ವೇದಿಕೆಗಳ ಮುಂದಿನ ಸಾಲು ಖಾಲಿಯಾಗಿರುತ್ತಿತ್ತು. ಅವರ ನೆಮ್ಮದಿಯ ದೃಷ್ಟಿಯಿಂದಾದರೂ ಶಾಸನಗಳ ಫಲಕಗಳಲ್ಲಿ ‘ಶಿಲೆ’ ಎಂಬುದಕ್ಕಿಂತ ಹೆಚ್ಚು ಬರೆಯದಿರುವುದು ಲೇಸು.

ಹಾಗೆಂದು ವಸ್ತುಸಂಗ್ರಹಾಲಯದಲ್ಲಿ ವಿವರವಾಗಿ, ತಪ್ಪಿಲ್ಲದೆ, ದೂರದಿಂದಲೂ ಓದಲು ಬರುವಂತೆ ಬರೆದ ಶಾಸನವೇ ಇಲ್ಲವೆಂದಲ್ಲ. ಅದು ಬಾಗಿಲ ಪಕ್ಕದಲ್ಲೇ ಇರುತ್ತದೆ. ಕರಿ ಗ್ರಾನೈಟಿನಲ್ಲಿ ಚಿನ್ನದ ಬಣ್ಣದ ಅಕ್ಷರಗಳು, ಮೇಲೊಂದು ದೀಪ. ಕಟ್ಟಡದ ನವೀಕರಣವನ್ನು ಯಾರು ತಮ್ಮ ಅಮೃತಹಸ್ತದಿಂದ ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದರು, ಯಾರ ಘನ ಉಪಸ್ಥಿತಿ, ಯಾರ ಗೌರವ ಉಪಸ್ಥಿತಿ, ಯಾರ ಬರಿಯ ಉಪಸ್ಥಿತಿ ಎಂಬುದನ್ನು ಶಿಷ್ಟಾಚಾರದ ಕ್ರಮದಲ್ಲಿ, ಪದವಿ ಸಮೇತ ಅದರಲ್ಲಿ ಕೊರೆದಿರುತ್ತಾರೆ. ಇಲ್ಲಿ ‘ಸು.’ ಎಂಬ ಅಕ್ಷರಕ್ಕೆ ಜಾಗವಿಲ್ಲ. ದಿನಾಂಕ, ವಾರ, ಬೆಳಗಿನ ಗಂಟೆ ಎಲ್ಲವೂ ಖಚಿತ. ವಸ್ತು ಯಾವುದು ಎಂದೂ ಬರೆಯುವುದಿಲ್ಲ, ಗ್ರಾನೈಟ್ ಎಂಬುದು ಬಿಲ್ಲಿನಲ್ಲಿ ಇದ್ದೇ ಇರುತ್ತದೆ. ಒಳಗಿನ ವಿಷ್ಣುವಿಗೆ ಮೂರು ಮಾತು, ಬಾಗಿಲಿನ ಉಪಾಧ್ಯಕ್ಷರಿಗೆ ಮೂರು ಸಾಲು.

ಈ ಎರಡು ಬಗೆಯ ಕಲ್ಲುಗಳನ್ನು ಒಂದೇ ಸೂರಿನಡಿ ಇಟ್ಟಿರುವುದರಿಂದ ಸಂದರ್ಶಕರಿಗೆ ಹೋಲಿಸಿ ನೋಡುವ ಅವಕಾಶ ತಾನಾಗಿ ಒದಗಿದೆ. ಹಿಂದೆ ಕಲ್ಲಿನ ಮೇಲೆ ಹೆಸರು ಬರಬೇಕಾದರೆ ತುರುಗಳನ್ನು ಕಾಯುತ್ತಲೋ ಊರನ್ನು ಉಳಿಸುತ್ತಲೋ ಸಾಯಬೇಕಾಗಿತ್ತು. ನಾಯಿಗಾದರೂ ರಿಯಾಯಿತಿ ಇರಲಿಲ್ಲ, ಕಾಳಿಯೂ ಸತ್ತ ಮೇಲೆಯೇ ಕಲ್ಲಾದದ್ದು. ಪ್ರಜಾಪ್ರಭುತ್ವ ಈ ಕ್ರೌರ್ಯವನ್ನು ನಿಲ್ಲಿಸಿ ಉಪಸ್ಥಿತರಿದ್ದರೆ ಸಾಕು ಎಂದು ನಿಯಮವನ್ನು ಸಡಿಲಿಸಿದೆ. ಕೆಲವು ಸಮಾರಂಭಗಳಲ್ಲಿ ಅದೂ ಬೇಕಾಗುವುದಿಲ್ಲ. ಬಾರದವರ ಘನ ಉಪಸ್ಥಿತಿಯೂ ಹಿಂದಿನ ದಿನವೇ ಕೊರೆದು ಸಿದ್ಧವಾಗಿರುತ್ತದೆ.

ಆದರೂ ಬರಿಯ ಅಕ್ಷರಗಳ ಫಲಕ ನಮ್ಮ ಪರಂಪರೆಗೆ ತಕ್ಕದ್ದಲ್ಲ ಎಂಬುದು ನನ್ನ ವಿನಮ್ರ ಅಭಿಪ್ರಾಯ. ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ: ಕೆಳಗಿನದರಲ್ಲಿ ವೀರನ ಕಾಳಗ, ನಡುವಿನದರಲ್ಲಿ ಅವನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವನ ಸನ್ನಿಧಿಯಲ್ಲಿ ಕುಳಿತ ವೀರ. ಉದ್ಘಾಟನಾ ಫಲಕಗಳನ್ನು ಇನ್ನು ಮುಂದೆ ಇದೇ ಮಾದರಿಯಲ್ಲಿ ಮಾಡಿಸಬಹುದು. ಕೆಳಗಿನ ಪಟ್ಟಿಕೆಯಲ್ಲಿ ಪಕ್ಷದ ಟಿಕೆಟ್ಟಿಗಾಗಿ ನಡೆದ ಘೋರ ಕಾಳಗವನ್ನು ಬಿ-ಫಾರಂ ಸಮೇತ ಕೆತ್ತಬೇಕು. ನಡುವಿನದರಲ್ಲಿ ಹವಾನಿಯಂತ್ರಿತ ಬಸ್ಸಿನಲ್ಲಿ ಬೆಂಬಲಿಗರು ವೀರನನ್ನು ರೆಸಾರ್ಟಿಗೆ ಒಯ್ಯುತ್ತಿರಬೇಕು. ಮೇಲಿನದರಲ್ಲಿ ಕುರ್ಚಿ, ಲಿಂಗವಿದ್ದ ಜಾಗದಲ್ಲಿ ಖಾತೆಯ ಹೆಸರು, ಸೂರ್ಯಚಂದ್ರರಿರುವ ತನಕ ಎಂಬುದನ್ನು ಸೂಚಿಸಲು ಶಿಲ್ಪಿಗಳು ಎರಡು ಬದಿಗೆ ಕೆತ್ತುತ್ತಿದ್ದ ಸೂರ್ಯಚಂದ್ರರನ್ನು ಮಾತ್ರ ಸರ್ಕಾರದ ಆಯುಸ್ಸನ್ನು ನೋಡಿಕೊಂಡು ತೀರ್ಮಾನಿಸಬೇಕು.

ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಕಲ್ಲುಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಎದುರಾಳಿಯ ಮುಖವನ್ನು ಮೀಸೆ ಸಮೇತ ಕಡೆದು ಮುಗಿಸುವಷ್ಟರಲ್ಲಿ ಆ ಎದುರಾಳಿ ಪಕ್ಷ ಬದಲಿಸಿ, ಮೇಲಿನ ಪಟ್ಟಿಕೆಯಲ್ಲಿ ವೀರನ ಪಕ್ಕದ ಕುರ್ಚಿಯಲ್ಲೇ ಕುಳಿತುಬಿಟ್ಟಿರುವ ಸಂಭವ ಹೆಚ್ಚು. ಕಲ್ಲಿನಲ್ಲಿ ಕೊರೆದ ಮೀಸೆಯನ್ನು ಬೋಳಿಸಲು ಬರುವುದಿಲ್ಲ. ಆದ್ದರಿಂದ ಇಲಾಖೆ ಶಿಲ್ಪಿಗಳ ತಂಟೆಗೆ ಹೋಗದೆ ಫ್ಲೆಕ್ಸಿಗೇ ಟೆಂಡರ್ ಕರೆಯುವುದು ಕ್ಷೇಮ.